ಗೋಡೆಯ ಮೇಲಿನ ಕಲೆ

ಆರ್ಕಿಟೆಕ್ಟ್ ಆದ ತಮ್ಮನನ್ನು ಊರೆಲ್ಲ 'ಮಣ್ಣಿನ ಮಾಂತ್ರಿಕ' ಎಂದು ಕರೆಯುವುದನ್ನು ಕೇಳಿದಾಗಲೆಲ್ಲ ಅಕ್ಕನಿಗೆ ಮೈ ಉರಿಯುತ್ತಿತ್ತು. ಚಿಕ್ಕವನಿದ್ದಾಗ ಅಂಗಾಲಿಗೆ ಇಷ್ಟು ಕೆಸರು ತಾಗಿದರೆ ಎತ್ತಿಕೋ ಎಂದು ರಂಪ ಮಾಡುತ್ತಿದ್ದವನು. ಈಗಲೂ ಅವನ ವಾಸ ಗಾಜಿನ ಅಪಾರ್ಟ್‌ಮೆಂಟಿನಲ್ಲಿ, ಬೇಸಿಗೆಯುದ್ದಕ್ಕೂ ಎ.ಸಿ. ಹಾಕಿಕೊಂಡು. ಮಣ್ಣಿನ ಗೋಡೆ ಏನಿದ್ದರೂ ಊರವರಿಗೆ. "ಕಣ್ಣಿಗೆ ಮಣ್ಣೆರಚೋಕೂ ಈಗ ಡಿಗ್ರಿ ಕೊಡ್ತಾರೆ ಕಣ್ರೀ" ಎಂದು ಅವಳು ಗಂಡನ ಹತ್ತಿರ ಹೇಳುತ್ತಿದ್ದಳು.

ಅವನು ಕಟ್ಟಿದ ಸಮುದಾಯ ಭವನ ಅವಳ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ದಪ್ಪ ಮಣ್ಣಿನ ಗೋಡೆ, ಮಳೆನೀರಿನ ತೊಟ್ಟಿ, ಸೂರಿನ ಮೇಲೆ ಸೋಲಾರ್, ಒಳಗಿನ ಬಿಸಿಗಾಳಿ ಮೇಲೇರಿ ಹೊರಹೋಗಲೆಂದು ಚಿಮಣಿಯಂಥ ಒಂದು ಗೋಪುರ. ಆ ಗೋಪುರಕ್ಕೆ ಅವನು ಕರಪತ್ರದಲ್ಲಿ 'ಗಾಳಿಗೋಪುರ' ಎಂದೇ ಹೆಸರಿಟ್ಟಿದ್ದ. ಬರೆಯುವಾಗ ಅವನಿಗೆ ನಗು ಬರಲಿಲ್ಲ. ಉದ್ಘಾಟನೆಗೆ ಬಂದು ಚಪ್ಪಾಳೆ ತಟ್ಟಿದವರಿಗೂ ಬರಲಿಲ್ಲ. ಹಾಲ್ ಮಾತ್ರ ನಿಜಕ್ಕೂ ತಂಪಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅಕ್ಕನಿಗೆ ಹಲ್ಲುನೋವು ಬಂದಷ್ಟು ಸಂಕಟ.

ಅಕ್ಕ ಫಿಸಿಯೋಥೆರಪಿಸ್ಟ್. ಬೆಳಗಿನ ಹೊತ್ತು ಆ ಹಾಲಿನಲ್ಲಿ ಮೊಣಕಾಲು ಹಿಡಿದವರಿಗೆ, ಲಕ್ವ ಹೊಡೆದು ಎದ್ದವರಿಗೆ ನಡಿಗೆ ಕಲಿಸುತ್ತಿದ್ದಳು. ಮಧ್ಯಾಹ್ನ ಅಲ್ಲೇ ಹೊಲಿಗೆ ಕ್ಲಾಸು, ಸಂಜೆ ಸಭೆ. ನಡಿಗೆ ಕಲಿಯುವವರಿಗೆ ಹಿಡಿದುಕೊಳ್ಳಲು ಗೋಡೆಯುದ್ದಕ್ಕೂ ಒಂದು ಕಂಬಿ ಬೇಕು. ಅಷ್ಟನ್ನೇ ಅವಳು ಕೇಳಿದ್ದು.

"ಅಕ್ಕಾ, ಮಣ್ಣಿನ ಗೋಡೆ ಅದು. ಮೊಳೆ ಹೊಡೆದರೆ ಉದುರುತ್ತೆ."

"ಗೋಡೆ ಮುಟ್ಟೋದೇ ಬೇಡ. ನೆಲದಿಂದ ಕಾಲು ಎಬ್ಬಿಸಿ ಕಂಬಿ ಹಾಕಿಸು."

"ಹಾಗೆ ಮಾಡಿದ್ರೆ ಗೋಡೆಯ ಮೌನ ಕೆಡುತ್ತೆ."

"ಗೋಡೆ ಯಾವತ್ತು ಮಾತಾಡಿತ್ತು, ಈಗ ಅದರ ಮೌನ ಕೆಡೋಕೆ?"

"ನಿನಗೆ ಅರ್ಥ ಆಗಲ್ಲ ಬಿಡು" ಎಂದು ತಮ್ಮ ಫೋನ್ ಇಟ್ಟಿದ್ದ.

ಕಂಬಿ ಇಲ್ಲದಿದ್ದರೆ ಜನ ಗೋಡೆಯನ್ನೇ ಹಿಡಿಯುತ್ತಾರೆ. ಎಲ್ಲರಿಗಿಂತ ಹೆಚ್ಚು ಹಿಡಿದವನು ಡ್ರೈವರಜ್ಜ. ಆಯುಷ್ಯವೆಲ್ಲ ಬಸ್ಸು ಓಡಿಸಿ, ಬಲಗಡೆ ಸ್ವಾಧೀನ ತಪ್ಪಿ, ಈಗ ಎಡಗೈಯನ್ನು ಗೋಡೆಗೆ ಆನಿಸಿಕೊಂಡು ಬಾಗಿಲಿಂದ ಕಿಟಕಿಯವರೆಗೆ ಕಾಲೆಳೆದುಕೊಂಡು ಹೋಗುತ್ತಿದ್ದ. ಅವನ ಹಿಂದೆ ಉಳಿದವರು. ಬೆವರು, ನೋವಿನೆಣ್ಣೆ ಎಲ್ಲ ಸೇರಿ ಆ ತಿಳಿಗೆಂಪು ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಉದ್ದನೆಯ ಕಪ್ಪು ಪಟ್ಟೆಯೊಂದು ಮೂಡಿತು.

ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆಂದು ತಮ್ಮ ಒಂದು ಬೆಳಿಗ್ಗೆ ಕೋರಾ ಬಟ್ಟೆಯ ಅಂಗಿ ತೊಟ್ಟು ಬಂದವನೇ, "ಅಕ್ಕಾ, ಇವರನ್ನೆಲ್ಲ ಸ್ವಲ್ಪ ಹೊರಗೆ ಕೂರಿಸ್ತೀಯಾ? ಫ್ರೇಮಲ್ಲಿ ಜನ ಬೇಡವಂತೆ" ಎಂದ.

"ಸಮುದಾಯ ಭವನದಲ್ಲಿ ಸಮುದಾಯ ಬೇಡ್ವಾ?"

ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲೆ ಬಿದ್ದಿತ್ತು. "ಇದೇನಿದು ಕಲೆ? ಯಾರು ಮಾಡಿದ್ದು?" ಮೇಸ್ತ್ರಿಗೆ ಫೋನ್ ಮಾಡಿ ಈಗಿಂದೀಗಲೇ ಬಂದು ಗೋಡೆ ಸಾರಿಸಬೇಕೆಂದು ಕೂಗಾಡಿದ. "ಇವರಿಗೆ ಒಂದು ಒಳ್ಳೆ ಜಾಗ ಕೊಟ್ಟರೆ ಇಟ್ಟುಕೊಳ್ಳೋ ಯೋಗ್ಯತೆ ಇಲ್ಲ" ಎಂದು ಅಜ್ಜ ಅಜ್ಜಿಯರ ಎದುರಿಗೇ ಅಂದ. ಡ್ರೈವರಜ್ಜ ಎಡಗೈಯನ್ನು ಮೆಲ್ಲಗೆ ಜೇಬಿಗಿಳಿಸಿದ. ಗೊಣಗುತ್ತಲೇ ಎಲ್ಲರೂ ಹೊರಗೆ ಹೋಗಿ ಕೂತರು.

ಮೇಸ್ತ್ರಿ ಬರುವ ಮೊದಲೇ ಫೋಟೋದವಳು ಬಂದಳು. ಒಳಗೆ ಕಾಲಿಟ್ಟವಳೇ ಪಟ್ಟೆಯ ಮುಂದೆ ನಿಂತುಬಿಟ್ಟಳು. "ಅಯ್ಯೋ, ಎಷ್ಟು ಚೆನ್ನಾಗಿದೆ! ಜನರ ಸ್ಪರ್ಶ ಗೋಡೆಯಲ್ಲಿ ಉಳಿದಿದೆ. ಇದು ನೀವು ಬೇಕಂತಲೇ ಮಾಡಿಸಿದ್ದಾ?"

ಗೋಸುಂಬೆಗಾದರೂ ಬಣ್ಣ ಬದಲಿಸಲು ಒಂದು ಗಳಿಗೆ ಬೇಕು. ತಮ್ಮನಿಗೆ ಅದೂ ಬೇಕಾಗಲಿಲ್ಲ. "ಹೌದು" ಎಂದ ಅವನು, ದನಿ ತಗ್ಗಿಸಿ. "ನಾನು ಗೋಡೆಯನ್ನ ಅರ್ಧಕ್ಕೇ ಬಿಟ್ಟೆ. ಉಳಿದರ್ಧ ಸಮುದಾಯ ಮುಗಿಸಲಿ ಅಂತ. ಅದಕ್ಕೇ ಕಂಬಿ ಕೂಡ ಹಾಕಿಸಲಿಲ್ಲ."

ಅಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಉಗಿಯಲೂ ಒಂದು ಯೋಗ್ಯವಾದ ಜಾಗ ಬೇಕಲ್ಲ. ತಮ್ಮ ಬಂದಾಗ ಕಲೆಯಾಗಿದ್ದದ್ದು ಹೋಗುವ ಹೊತ್ತಿಗೆ ಕಲೆಯಾಗಿತ್ತು.

ಆ ಗೋಡೆಗೇ ಪ್ರಶಸ್ತಿ ಬಂತು. ಬೇರೆ ಬೇರೆ ಕಡೆಯಿಂದ ಕಾಲೇಜಿನವರು ಬಂದು ಪಟ್ಟೆಯನ್ನು ಸವರಿ, ಕಣ್ಣು ಮುಚ್ಚಿ, ಉಸಿರು ಬಿಟ್ಟು ಹೋಗತೊಡಗಿದರು. ಎರಡು ಕಾಲೂ ನೆಟ್ಟಗಿದ್ದವರೇ ಎಲ್ಲ. ಭವನದ ಅಧ್ಯಕ್ಷರು ಹಾರ ಹಾಕಿದ್ದೇ ಹಾಕಿದ್ದು. ಅಕ್ಕನಿಗೆ ಹೆಚ್ಚು ಹೇಸಿಗೆ ತಂದದ್ದು ಮಾತ್ರ ತನ್ನದೇ ಮಂದಿ. ಹೊರಗೆ ಕೂರಿಸಿದಾಗ ಗೊಣಗಿದವರು, ಯೋಗ್ಯತೆ ಇಲ್ಲ ಎನಿಸಿಕೊಂಡವರು, ಈಗ "ನಮ್ಮ ಡಾಕ್ಟ್ರಮ್ಮನ ತಮ್ಮ ಅಂದ್ರೆ ಸುಮ್ನೇನಾ" ಎಂದು ಬೀಗಿದರು. ಡ್ರೈವರಜ್ಜನಂತೂ ಬಂದವರಿಗೆಲ್ಲ ನಡೆದು ತೋರಿಸುತ್ತಿದ್ದ.

ಹಾಗೆ ತೋರಿಸುವಾಗಲೇ ಬಿದ್ದ. ಜನರ ಮುಂದೆ ಜಂಬ ಹೆಚ್ಚಾಗಿ ಹೆಜ್ಜೆ ಬೀಸಾಗಿ ಹಾಕಿದ. ನುಣುಪು ಗೋಡೆಯಲ್ಲಿ ಬೆರಳಿಗೆ ಆಧಾರ ಸಿಗಲಿಲ್ಲ. ಮಂಡಿ ತರಚಿತು, ಗದ್ದಕ್ಕೆ ಹೊಲಿಗೆ ಬಿತ್ತು. ನೋಡಲು ಬಂದವರು "ಅಯ್ಯೋ ಪಾಪ" ಎಂದು ದೂರ ಸರಿದರು. ಎತ್ತಿದವಳು ಅಕ್ಕ ಒಬ್ಬಳೇ.

ಮರುದಿನವೇ ಅವಳು ವೆಲ್ಡರ್‌ನನ್ನು ಕರೆತಂದಳು. ಅಧ್ಯಕ್ಷರು ಅಡ್ಡ ನಿಂತರು. "ಪ್ರಶಸ್ತಿ ಬಂದ ಕಟ್ಟಡಮ್ಮ ಇದು, ಮುಟ್ಟೋ ಹಾಗಿಲ್ಲ."

"ಸರಿ, ನಾಳೆಯಿಂದ ನೀವೇ ಬಂದು ಇವರನ್ನ ಹಿಡ್ಕೊಂಡು ನಡೆಸಿ. ಬೀಳೋವಾಗ ಕೆಳಗೆ ನೀವೇ ಇರಿ, ಮೆತ್ತಗಿದ್ದೀರಿ." ಹೊಲಿಗೆ ಕ್ಲಾಸಿನ ಹೆಂಗಸರು ಕಿಸಕ್ಕನೆ ನಕ್ಕರು. ಅಧ್ಯಕ್ಷರು ಹೊಟ್ಟೆ ಒಳಗೆಳೆದುಕೊಂಡು ಹೊರಟರು.

ಸುದ್ದಿ ತಿಳಿದು ತಮ್ಮ ಓಡಿ ಬರುವಷ್ಟರಲ್ಲಿ ಕಂಬಿ ನಿಂತಿತ್ತು. ಕಾಲುಗಳು ನೆಲದಲ್ಲಿ, ಗೋಡೆಗೆ ಒಂದು ಗೀರೂ ಇಲ್ಲ. ಪಟ್ಟೆಯ ಮುಂದೆ ಉಕ್ಕಿನ ಕೊಳವೆ ಹೊಳೆಯುತ್ತಿತ್ತು.

"ಹಾಳು ಮಾಡಿದೆಯಲ್ಲ ಅಕ್ಕಾ! ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚು ಪಡೋಕೆ ನಿನ್ನ ಹತ್ತಿರ ಏನಿದೆಯೋ? ಆ ಗೋಡೆ ಮೇಲೆ ನೀನು ಬರೆದಿದ್ದು ಒಂದು ಗೆರೇನೂ ಇಲ್ಲ. ಅಜ್ಜನ ಬೆವರಿಗೆ ನಿನ್ನ ಹೆಸರು ಹಾಕ್ಕೊಂಡೆ. ಅವರು ಬಿದ್ದಾಗ ಒಂದು ಫೋನ್ ಮಾಡಿ ಹೇಗಿದ್ದಾರೆ ಅಂತಾದ್ರೂ ಕೇಳಿದ್ಯಾ?"

ಅವನ ಕಣ್ಣು ಕೆಳಗಿಳಿಯಿತು. ನಾಚಿಕೆ ಹತ್ತಿರ ಬಂದಿತೇನೋ ಎಂದು ಅವಳು ಕಾದಳು. ಅವನು ಕಂಬಿಯನ್ನು ತಟ್ಟಿ ನೋಡಿ, "ಹಾಕೋದೇ ಆಗಿದ್ರೆ ಬಿದಿರಿಂದಾದ್ರೂ ಮಾಡಿಸಬಹುದಿತ್ತು" ಎಂದ.

"ಹೋಗು ಇಲ್ಲಿಂದ" ಎಂದಳು ಅಕ್ಕ. ಕೂಗಲಿಲ್ಲ. ತಾನೇ ಎತ್ತಿ ಆಡಿಸಿದವನ ಮೇಲೆ ಇಷ್ಟು ತಣ್ಣಗೆ ತಿರಸ್ಕಾರ ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಹೋದ. ಆಮೇಲೆ ಅವರ ನಡುವೆ ಮಾತು ನಿಂತಿತು.

ಗದ್ದದ ಹೊಲಿಗೆ ಬಿಚ್ಚಿಸಿಕೊಂಡು ಡ್ರೈವರಜ್ಜ ಮತ್ತೆ ಬಂದ. ಕಂಬಿ ನೋಡಿ ಮುಖ ಕಿವುಚಿದ. "ಗೋಡೆನೇ ಚೆನ್ನಾಗಿತ್ತು ಡಾಕ್ಟ್ರಮ್ಮ. ಪೇಪರಲ್ಲಿ ಬಂದಿತ್ತು ನನ್ನ ಕೈ ಗುರುತು. ಇನ್ನು ಯಾರು ಬರ್ತಾರೆ ನೋಡೋಕೆ?"

"ಯಾರೂ ಬರಲ್ಲ. ಹಿಡ್ಕೊಳ್ಳಿ."

"ತಣ್ಣಗಿದೆ."

"ಹಿಡ್ಕೊಳ್ಳೀಂದ್ರೆ!"

ಗೊಣಗುತ್ತಲೇ ಹಿಡಿದ. ಬಾಗಿಲಿಂದ ಕಿಟಕಿಯವರೆಗೆ ಹೋದ, ಅಲ್ಲಿ ತಿರುಗಿದ. ಇಷ್ಟು ದಿನ ತಿರುಗುವಾಗಲೆಲ್ಲ ಅವನನ್ನು ತಬ್ಬಿ ಹಿಡಿಯಬೇಕಾಗುತ್ತಿತ್ತು. ಇವತ್ತು ಅಕ್ಕ ಕೈ ಕಟ್ಟಿ ದೂರದಲ್ಲೇ ನಿಂತಳು. ಅವನು ಎಡಗೈ ಬಿಡದೆ ಕಂಬಿಗೆ ಮುಖ ಮಾಡಿ ಅಡ್ಡಹೆಜ್ಜೆಯಲ್ಲಿ ತಾನಾಗಿಯೇ ವಾಪಸು ಬಂದ, ಅವಳನ್ನೂ ಅವಳ ಕಂಬಿಯನ್ನೂ ಬಾಯಿತುಂಬ ಬೈಯುತ್ತ.