ದೋಣಿಯಣ್ಣನಿಗೆ ಕೊಂಬು

"ತಪ್ಪಲ್ಲ" ಅಂತ ಬರೆದು ಭಾವ ನನ್ನ ದೂರನ್ನು ಮತ್ತೆ ಮುಚ್ಚಿದ್ದರು.

ನನ್ನ ಕೆಲಸ ಇಷ್ಟೇ. ಕಂಪನಿ ತಯಾರಿಸುವ ವಿಡಿಯೋ ಗೇಮ್‌ಗಳನ್ನು ಆಡುವುದು, ಎಲ್ಲಿ ತಪ್ಪಿದೆ ಅಂತ ಕಂಪ್ಯೂಟರಿನಲ್ಲಿ ದೂರು ಹಾಕುವುದು. ಗೋಡೆಯೊಳಗೆ ಕಾಲು ಸಿಕ್ಕಿಕೊಂಡರೆ ದೂರು, ಸತ್ತವನು ಎದ್ದು ಕೂತರೆ ದೂರು. ತಿದ್ದಿದ ಮೇಲೆ ತಂಡದ ಮುಖ್ಯಸ್ಥರು ಅದನ್ನು ಮುಚ್ಚಬೇಕು. ನಮ್ಮ ಮುಖ್ಯಸ್ಥರು ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ. ತಿದ್ದದೇ ಮುಚ್ಚುವುದರಲ್ಲಿ ಅವರದು ಎತ್ತಿದ ಕೈ.

ಈ ಸಲದ ದೂರು ಒಂದು ಮಾತಿನದು. ಪೂರ್ತಿ ಮಾತೂ ಅಲ್ಲ, ಕೊನೆಯ ಅಕ್ಷರದ್ದು.

ಕಂಪನಿಗೆ ಹೆಸರು ತಂದುಕೊಟ್ಟ ಗೇಮ್ 'ಮಂಜುದಡ'. ಮೂರು ಭಾಗ ಬಂದಿವೆ. ಒಂದು ನದಿ, ಕಣ್ಣು ಕಟ್ಟುವಷ್ಟು ಮಂಜು, ಒಂದು ದೋಣಿ. ಆಡುವವನು ಪ್ರತಿ ಸಲ ಬೇರೆ ಯಾರೋ ಆಗಿ ದಡಕ್ಕೆ ಬರುತ್ತಾನೆ. ಒಮ್ಮೆ ಕಳ್ಳ, ಒಮ್ಮೆ ಸೂಲಗಿತ್ತಿ, ಒಮ್ಮೆ ಯುದ್ಧ ಬಿಟ್ಟು ಓಡಿಬಂದ ಸಿಪಾಯಿ. ದೋಣಿಯಣ್ಣ ಯಾರನ್ನೂ ಏನೂ ಕೇಳುವುದಿಲ್ಲ. ಹುಟ್ಟನ್ನು ಬದಿಗಿಟ್ಟು "ಹತ್ತಿ" ಅನ್ನುತ್ತಾನೆ. ಮೂರು ಭಾಗದಲ್ಲೂ ಅವನು ಆಡುವುದು ಅದೊಂದೇ ಮಾತು. ಕಳ್ಳನಿಗೂ ಹತ್ತಿ, ಸೂಲಗಿತ್ತಿಗೂ ಹತ್ತಿ. ಒಂದು ಕಡೆ ನಾವು ನಾಯಿಯಾಗಿ ಬರುತ್ತೀವಿ, ಅದಕ್ಕೂ ಹತ್ತಿ.

ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಕಾಲಕ್ಕೆ ನನ್ನ ಹೆಸರು 'ಏಯ್'. ಗಿರಾಕಿಗೂ ಏಯ್, ಮಾಲೀಕನಿಗೂ ಏಯ್, ಮನೆಗೆ ಬಂದರೆ ಅಪ್ಪನಿಗೆ 'ಏಯ್ ದಂಡಪಿಂಡ'. ಗೆಳೆಯನ ರೂಮಿನಲ್ಲಿ ಮೊದಲ ಸಲ ಮಂಜುದಡ ಆಡಿದಾಗ ಮಂಜಿನೊಳಗಿಂದ ಆ ದನಿ "ಹತ್ತಿ" ಅಂತು. ನನ್ನ ಹಿಂದೆ ಯಾರಾದರೂ ದೊಡ್ಡವರು ನಿಂತಿದ್ದಾರಾ ಅಂತ ತಿರುಗಿ ನೋಡಿದೆ. ಇದನ್ನು ಯಾರಿಗೂ ಹೇಳಿಲ್ಲ. ಭಾವನಿಗಂತೂ ಸತ್ತರೂ ಹೇಳಲ್ಲ.

ಈಗ ಅದೇ ದೋಣಿಯಣ್ಣನನ್ನು ಎತ್ತಿಕೊಂಡು ಭಾವ ಒಂದು ಮರಿ ಗೇಮ್ ಮಾಡುತ್ತಿದ್ದಾರೆ. ಹೆಸರು 'ದೋಣಿ ದೌಡು'. ದೋಣಿಗೆ ಚಕ್ರ ಬಂದಿದೆ. ಊರಿನ ರಸ್ತೆಯಲ್ಲಿ ಜನರನ್ನು ಹತ್ತಿಸಿಕೊಂಡು ರೇಸ್ ಓಡಬೇಕು. ಕಣ್ಣು ಕುಕ್ಕುವ ಬಿಸಿಲು, ಮಂಜಿನ ಸುಳಿವಿಲ್ಲ. ಚಕ್ರ ನೋಡಿ ಹಲ್ಲು ಕಚ್ಚಿಕೊಂಡೆ. ಬಿಸಿಲು ನೋಡಿ ಎದ್ದು ಹೋಗಿ ನೀರು ಕುಡಿದು ಬಂದೆ. ಆಮೇಲೆ ದೋಣಿಯಣ್ಣ ರಸ್ತೆ ಬದಿಯಲ್ಲಿ ನಿಂತಿದ್ದ ಮುದುಕಿಗೆ "ಹತ್ತು" ಅಂತ ಕಿರುಚಿದ. ಗುಡಿಸು ಇರಬೇಕಾದ ಕಡೆ ಕೊಂಬು.

ದೂರು ಹಾಕಿದೆ: 'ದೋಣಿಯಣ್ಣನಿಗೆ ಕೊಂಬು ಬಂದಿದೆ.' ಭಾವ ಮುಚ್ಚಿದರು. ನಾನು ತೆರೆದೆ. ಅವರು ಮುಚ್ಚಿದರು. ಪಕ್ಕದ ಟೇಬಲ್ಲಿನಲ್ಲಿ ಚಿತ್ರ ಬರೆಯುವವಳು, "ಭಾವ ಭಾವಮೈದ ಸೇರಿ ಬಾಗಿಲಿನ ಚಿಲಕ ಸವೆಸ್ತಿದ್ದೀರಲ್ಲ" ಅಂದಳು.

ಜಗಳ ಊಟದ ಟೇಬಲ್ಲಿಗೂ ಬಂತು. ನಾನಿರುವುದು ಅಕ್ಕನ ಮನೆಯಲ್ಲೇ. ಇಲ್ಲಿವರೆಗೆ ದೋಣಿ ದೌಡಿನಲ್ಲಿದ್ದದ್ದು ಕಂಪ್ಯೂಟರಿನ ದನಿ. ನಾಳೆ ನಿಜವಾದ ದನಿಯ ರೆಕಾರ್ಡಿಂಗ್. ಅದಾದ ಮೇಲೆ ಯಾರಪ್ಪ ಬಂದರೂ ಆ ಮಾತನ್ನು ಬದಲಾಯಿಸುವ ಹಾಗಿಲ್ಲ.

"ನೋಡೋ," ಭಾವ ತಟ್ಟೆ ಸರಿಸಿದರು, "ಬಹುವಚನ ಅಂದ್ರೆ ದೂರ. ನಮ್ಮದು ಗೆಳೆತನದ ಗೇಮ್. ಗೆಳೆಯನಿಗೆ ಯಾರಾದ್ರೂ 'ದಯಮಾಡಿಸಿ' ಅಂತಾರಾ? ಹತ್ತು ಅನ್ನೋದ್ರಲ್ಲಿ ಸಲಿಗೆ ಇದೆ. ಈಗ ನಿಮ್ಮಕ್ಕನ್ನೇ ತಗೋ..."

"ನನ್ನನ್ನ ತಗೋಬೇಡಿ," ಅಕ್ಕ ಅಂದಳು.

"ಇವನ ಮೇಲೆ ಸಿಟ್ಟು ಬಂದಾಗ ಏನಂತೀಯ ಹೇಳು."

"ತಾವು ಏಳೋದು ಎಷ್ಟು ಹೊತ್ತಿಗೆ ಮಹಾಸ್ವಾಮಿ ಅಂತೀನಿ."

"ಕೇಳಿದ್ಯಾ?"

ಕೇಳಿದೆ. ನಿಜವೂ ಹೌದು. ಅದಕ್ಕೇ ಇನ್ನಷ್ಟು ಉರಿಯಿತು.

"ಸಲಿಗೆ ಯಾರ ಹತ್ರ ಭಾವ? ಗುರುತು ಪರಿಚಯ ಇಲ್ಲದ ಮುದುಕಿ ಹತ್ರಾನಾ?"

"ರೇಸ್ ಅಲ್ವೇನೋ, ಅವಸರ ಇರುತ್ತೆ."

"ಅವಸರದೋನು ಬೇಕಿದ್ರೆ ಹೊಸಬನನ್ನ ಹುಟ್ಟಿಸ್ಕೊಳ್ಳಿ. ರೇಸ್ ಮಾಡಿ, ಚಕ್ರ ಹಾಕಿ, ರೆಕ್ಕೆ ಬೇಕಾದ್ರೂ ಕಟ್ಟಿ, ನಾನು ಬಾಯಿ ಮುಚ್ಕೊಂಡು ಆಡ್ತೀನಿ. ಆದ್ರೆ ಜನ ಡಬ್ಬಿ ಮೇಲೆ ದೋಣಿಯಣ್ಣನ ಮುಖ ನೋಡಿ ಒಳಗೆ ಬರ್ತಾರೆ. ಒಳಗೆ ಅವನ ಅಂಗಿ ಹಾಕ್ಕೊಂಡು ಇನ್ಯಾರೋ ಕೂತಿರ್ತಾನೆ. ಅದಕ್ಕೆ ಮರಿ ಗೇಮ್ ಅನ್ನಲ್ಲ, ವೇಷ ಅಂತಾರೆ."

"ಒಂದಕ್ಷರಕ್ಕೆ ಇಷ್ಟು ರಂಪಾನಾ?"

"ಅವನಿಗಿರೋದೇ ಒಂದು ಮಾತು. ಅದರಲ್ಲೂ ಒಂದಕ್ಷರ ಕಿತ್ಕೊಂಡ್ರೆ ಏನು ಉಳಿಯುತ್ತೆ?"

"ಹತ್ ಉಳಿಯುತ್ತೆ," ಅಕ್ಕ ಅಂದಳು. "ಈಗ ಇಬ್ಬರಿಗೂ ಅದನ್ನೇ ಹೇಳಬೇಕು. ಏಳಿ, ತಟ್ಟೆ ತೊಳೀಬೇಕು."

ನಾನು ಕೈ ತೊಳೆಯುತ್ತಾ ಕೇಳಿದೆ. "ಭಾವ, ನಿಜ ಹೇಳಿ. ಮಂಜುದಡ ಪೂರ್ತಿ ಆಡಿದ್ದೀರಾ?"

"ಎರಡನೇ ಭಾಗದಲ್ಲಿ ಅರ್ಧ. ಬರೀ ಮಂಜು ಕಣೋ, ಏನೂ ಕಾಣ್ಲಿಲ್ಲ. ಬಿಟ್ಟೆ."

ಆ ಮನುಷ್ಯನ ಮೇಲೆ ನಲ್ಲಿಯ ನೀರು ಎರಚಬೇಕು ಅನ್ನಿಸಿತು. ಕೆಲಸ ಕೊಡಿಸಿದವರು, ಎರಚಲಿಲ್ಲ.

ಬೆಳಿಗ್ಗೆ ಎಂದಿನಂತೆ ಅವರ ಬೈಕಿನ ಹಿಂದೆ ಆಫೀಸಿಗೆ ಹೊರಟೆ. "ಹತ್ತು ಹತ್ತು, ಲೇಟಾಯ್ತು" ಅಂದರು, ಎಂದಿನಂತೆ.

ದನಿ ಕೊಡುವವರು ಅದೇ ಹಳೆಯ ಯಜಮಾನರು. ಮೂರು ಭಾಗದಲ್ಲೂ ಹತ್ತಿ ಅಂದವರು. ಅವರನ್ನು ನೋಡಿ ನನಗೆ ಧೈರ್ಯ ಬಂತು. ಈ ಮನುಷ್ಯ ಹೇಗೆ ಒಪ್ಪುತ್ತಾರೆ, ಹಾಳೆ ಹರಿದು ಎಸೆಯುತ್ತಾರೆ ಅಂತ ಗಾಜಿನ ಈಚೆ ಭಾವನ ಪಕ್ಕ ಕಾದು ಕೂತೆ. ಯಜಮಾನರು ಹಾಳೆ ನೋಡಿದರು, ಕನ್ನಡಕ ಒರೆಸಿದರು, "ಎ.ಸಿ. ಕಮ್ಮಿ ಮಾಡಿ, ಗಂಟಲು ಕಟ್ಟುತ್ತೆ" ಅಂದರು. ಅಷ್ಟೇ. ಆಮೇಲೆ ಮೈಕಿನ ಹತ್ತಿರ ಬಾಯಿ ತಂದು "ಹತ್ತು" ಅಂದರು.

ಭಾವ ಗುಂಡಿ ಒತ್ತಿ ಮಾತಾಡಿದರು. "ಸರ್, ಅಂಕಿ ಥರ ಕೇಳ್ತಿದೆ."

"ಹತ್ತು ಅಂದ್ರೆ ಅಂಕಿನೇ ತಾನೇ?"

"ಅಲ್ಲ ಸರ್, ದೋಣಿ ಹತ್ತು ಅಂತ."

"ಯಾರಿಗೆ?"

"ಎಲ್ಲರಿಗೂ."

"ಎಲ್ಲರೂ ಅಂದ್ರೆ ಯಾರು ಮಾರಾಯ್ರೇ? ಹಿಂದೆ ಮಂಜಿತ್ತು. ಯಾರ ಮುಖಾನೂ ಕಾಣಲ್ಲ, ಯಾರು ಬೇಕಾದ್ರೂ ಇರಬಹುದು, ಅದಕ್ಕೆ ಹತ್ತಿ ಅಂದೆ. ಈಗ ಬಿಸಿಲು ಅಂತೀರಿ. ಬಿಸಿಲಲ್ಲಿ ಮುಖ ಕಾಣುತ್ತಲ್ಲ. ಮುಖ ತೋರಿಸಿ, ಅದಕ್ಕೆ ತಕ್ಕ ಹಾಗೆ ಅಂತೀನಿ."

ಇಷ್ಟು ದಿನ ಗಂಟಲು ಹರಿದುಕೊಂಡೆನಲ್ಲ, ಮಂಜಿನ ಈ ಮಾತು ನನಗೇ ಹೊಳೆದಿರಲಿಲ್ಲ. ಗಂಟಲು ಕಟ್ಟುತ್ತೆ ಅಂತ ಗೊಣಗುತ್ತಿದ್ದವರ ಬಾಯಲ್ಲಿ ಅದು ಸುಮ್ಮನೆ ಉದುರಿತ್ತು. ಅದಕ್ಕೂ ಸಿಟ್ಟು ಬಂತು.

ಭಾವ ಪ್ರಯಾಣಿಕರ ಚಿತ್ರಗಳನ್ನು ಪರದೆಗೆ ಹಾಕಿದರು. ಮೊದಲು ಕೋಟು ಹಾಕಿದ ದಪ್ಪ ಮನುಷ್ಯ.

"ಇವರಿಗೆ?" ಯಜಮಾನರು ಕೇಳಿದರು.

"ಇವರಿಗೆ... ಹತ್ತಿ ಅನ್ನಿ. ವಯಸ್ಸಾಗಿದೆ."

ಮುದುಕಿ. "ಹತ್ತಿ," ನನ್ನ ಕಡೆ ನೋಡದೆ ಭಾವ ಅಂದರು. ಪೊಲೀಸ್. "ಹತ್ತಿ ಸರ್. ಸ್ವಲ್ಪ ನಗ್ತಾ." ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸು.

"ಇವಳಿಗೆ?"

"ಹತ್ತು," ಭಾವ ಅಂದರು. ಅಂದವರು ತಮ್ಮ ದನಿ ತಾವೇ ಕೇಳಿಸಿಕೊಂಡವರ ಹಾಗೆ ಕತ್ತು ಉಜ್ಜಿಕೊಂಡರು.

"ಸಲಿಗೆ," ನಾನು ಮೆಲ್ಲಗೆ ಅಂದೆ.

"ಸುಮ್ನಿರೋ."

ಮುಂದಿನ ಚಿತ್ರ ಬಂತು. ಎಣ್ಣೆ ಕಲೆಯ ಅಂಗಿ, ಕೈಯಲ್ಲಿ ಸ್ಪ್ಯಾನರ್, ಮಡಚಿಕೊಂಡ ಕಾಲರ್, ಆನೆಯಂಥ ಕಿವಿ. ಆ ಕಿವಿ ನನ್ನದು. ಚಿತ್ರ ಬರೆಯುವವಳು ಪಕ್ಕದ ಟೇಬಲ್ಲಿನಿಂದ ಕದ್ದಿದ್ದಳು, ಕೇಳುವ ಸೌಜನ್ಯವೂ ಇಲ್ಲದೆ.

"ಇವನಿಗೆ?" ಯಜಮಾನರು ಕೇಳಿದರು.

ಭಾವನ ಬೆರಳು ಗುಂಡಿಯ ಮೇಲೇ ಇತ್ತು. ಪರದೆ ನೋಡಿದರು. ನಾನು ಏನಾದರೂ ಅಂತೀನಿ ಅಂತ ಕಾದರೇನೋ. ಅವರು ಏನಂತಾರೆ ಅಂತ ಕೇಳಬೇಕಿತ್ತು ನನಗೆ. ಅಷ್ಟೇ ಬೇಕಿತ್ತು.

"ಏನ್ರಿ, ನಿದ್ದೆ ಹೋದ್ರಾ? ಇವನಿಗೇನು, ಹತ್ತೂನಾ?"

"ಬೇಡ," ಭಾವ ಅಂದರು. "ಎಲ್ಲರಿಗೂ ಹತ್ತಿ ಅಂದ್ಬಿಡಿ ಸರ್. ಮುಖ ನೋಡ್ಕೊಂಡು ಕೂತ್ರೆ ಮುಗಿಯಲ್ಲ."

"ಬುಟ್ಟಿಯವಳಿಗೂ?"

"ಬುಟ್ಟಿಯವರಿಗೂ."

ಮುಂದೆ ಮಧ್ಯಾಹ್ನವೆಲ್ಲ ಅದೇ. ರೇಸಿನ ಅವಸರ ಇರಬೇಕು, ಆದರೂ ಮರ್ಯಾದೆ ಕೆಡಬಾರದು ಅಂತ ಭಾವ ತಾವೇ ಹೇಳಿ ತೋರಿಸತೊಡಗಿದರು. "ಹತ್ತಿ. ಇನ್ನೂ ಮೆತ್ತಗೆ ಸರ್, ಹತ್ತಿ."

"ದಿಂಬಿಗೆ ತುಂಬೋ ಹತ್ತೀನಾ?" ಯಜಮಾನರು ಗದರಿದರು. ಮತ್ತೆ ಹತ್ತಿ, ಮತ್ತೆ ಹತ್ತಿ. ಕಡೆಗೆ ಒಂದು ಸಲ ಕಣ್ಣು ಮುಚ್ಚಿ ಅಂದರು. ಗೆಳೆಯನ ರೂಮಿನಲ್ಲಿ ಕೇಳಿದ್ದು ಅದೇ.

ಟೇಬಲ್ಲಿಗೆ ಬಂದು ನೋಡಿದರೆ ನನ್ನ ದೂರು ಮುಚ್ಚಿತ್ತು. ಕೆಳಗೆ ಬರೆದಿತ್ತು: 'ತಿದ್ದಲಾಗಿದೆ. ಸಲಹೆ: ತಂಡದ ಮುಖ್ಯಸ್ಥರು.' ಎರಡು ಸಲ ಓದಿದೆ. ತೆರೆಯೋಣ ಅಂತ ಬೆರಳು ಹೋಯಿತು. ಚಿತ್ರ ಬರೆಯುವವಳು ನೋಡುತ್ತಿದ್ದಳು. ಬಿಟ್ಟೆ. ನನ್ನ ಕಿವಿ ವಾಪಸ್ ಕೊಡು ಅಂತ ಅವಳಿಗೆ ಮಾತ್ರ ಹೇಳಿದೆ.

ಸಂಜೆ ಕೆಳಗೆ ಭಾವ ಬೈಕ್ ಶುರು ಮಾಡಿಕೊಂಡು ನಿಂತಿದ್ದರು. ನಾನು ಹೆಲ್ಮೆಟ್ಟಿನ ಪಟ್ಟಿಯ ಜೊತೆ ಗುದ್ದಾಡುತ್ತಿದ್ದೆ. ಅವರು ತಿರುಗಿಯೂ ನೋಡದೆ, ಕೈಯಲ್ಲಿ ಸೀಟು ತಟ್ಟಿ, "ಹತ್ತಿ" ಅಂದರು.

ನಾನು ಪಟ್ಟಿ ಬಿಟ್ಟು ಅವರ ಬೆನ್ನು ನೋಡಿದೆ.

"ಥೂ," ಭಾವ ಅಂದರು, "ಬೆಳಿಗ್ಗೆಯಿಂದ ಅದೇ ಹೇಳಿ ಹೇಳಿ ಬಾಯಿಗೆ ಅಂಟ್ಕೊಂಡಿದೆ."

ನಾನು ಹತ್ತಿ ಕೂತೆ. ದೋಣಿಗೆ ಚಕ್ರ ಯಾಕೆ ಅಂತ ಮೊದಲ ಸಿಗ್ನಲ್ ಬರುವವರೆಗೂ ಕೇಳಲಿಲ್ಲ.