ಎಡಕ್ಕೆ ತಿರುಗಿದರೆ ಬಲಗಾಲು ನೋವು

ನಾನು ಒಂದು ಪಿಕಪ್ ಗಾಡಿ. ಹುಟ್ಟಿದ್ದು ಕಾರ್ಖಾನೆಯಲ್ಲಿ. ಬಾಗಿಲು ಕೂರಿಸಿದವರು ಒಬ್ಬರು, ಗಾಲಿ ಹಾಕಿದವರು ಇನ್ನೊಬ್ಬರು, ಬಣ್ಣ ಬಳಿದವರು ಮತ್ತೊಬ್ಬರು. ಹೀಗಾಗಿ ಹೆತ್ತವರು ಯಾರು ಅಂತ ಕೇಳಿದರೆ ನನಗೆ ಹೇಳಲು ಬಾರದು. ಬಾಯಿ ಅಂತ ಒಂದು ಹಾರನ್ ಕೊಟ್ಟರು, ಅದನ್ನೂ ಬೇರೆಯವರೇ ಒತ್ತಬೇಕು.

ಮೊದಲ ಮಾಲೀಕ ಲಕ್ಷ್ಮೇಶ್ವರದ ಕಡೆಯ ಇಟ್ಟಿಗೆ ಭಟ್ಟಿಯವನು. ಐದು ವರ್ಷ ನನ್ನ ಬೆನ್ನ ಮೇಲೆ ಇಟ್ಟಿಗೆ ಹೇರಿದ. ತಗ್ಗು ಕಂಡರೂ ಬ್ರೇಕ್ ಒತ್ತುವ ಜಾತಿಯವನಲ್ಲ, ಪುಣ್ಯಾತ್ಮ! ಒಂದು ಮಳೆಗಾಲದಲ್ಲಿ ಅರ್ಧ ಗಾಲಿ ಮುಳುಗುವ ಹಳ್ಳದ ನಡುವೆ ನನ್ನನ್ನು ನಿಲ್ಲಿಸಿ, ಯಾರ ಜೊತೆಗೋ ಫೋನಿನಲ್ಲಿ ಹರಟೆ ಹೊಡೆದ. ನನ್ನ ಮುಂದಿನ ಬಲಗಾಲಿಯ ಬೇರಿಂಗಿನೊಳಗೆ ಕೆಸರು ನೀರು ಹೊಕ್ಕಿದ್ದು ಅವತ್ತೇ.

ಆಮೇಲೆ ನನ್ನನ್ನು ಕೊಂಡವಳು ಗದಗಿನ ಗುರುಸಿದ್ಧವ್ವ. ಮದುವೆ ಮನೆಗಳಿಗೆ ಅಡುಗೆ ಪಾತ್ರೆ ಬಾಡಿಗೆ ಕೊಡುವುದು ಅವಳ ಉದ್ಯೋಗ. ನನ್ನನ್ನು ತಾನೇ ಓಡಿಸುತ್ತಿದ್ದಳು. ಯಾರಾದರೂ ಬಾಯಿ ಬಿಟ್ಟುಕೊಂಡು ನೋಡಿದರೆ ಹಾರನ್ ಒತ್ತಿ ಬಾಯಿ ಮುಚ್ಚಿಸುತ್ತಿದ್ದಳು. ನನಗೆ ಅವಳು ತುಂಬಾ ಹಿಡಿಸಿದಳು.

ನನ್ನ ನರಳಾಟ ಅವಳಿಗೆ ಬೇಗ ಕೇಳಿಸಲಿಲ್ಲ. ಬೆನ್ನ ಮೇಲೆ ಕೊಪ್ಪರಿಗೆ, ಪರಾತ, ಸೌಟುಗಳ ಸಂತೆ ನಡೆದಿರುವಾಗ ಹೇಗೆ ಕೇಳೀತು? ಒಂದು ದಿನ ಖಾಲಿ ಬರುವಾಗ ಕೇಳಿಸಿತು. ನೇರ ಹೋದರೆ ಏನಿಲ್ಲ, ಎಡಕ್ಕೆ ತಿರುಗಿದರೆ ಮಾತ್ರ ಬೀಸುಕಲ್ಲಿಗೆ ಮರಳು ಹಾಕಿದಂತೆ ಕರಕರ ಕರಕರ.

ಎರಡು ಗ್ಯಾರೇಜು ಸುತ್ತಿದಳು. ಎಡಕ್ಕೆ ತಿರುಗಿದರೆ ತಾನೇ ಸದ್ದು? ಹಾಗಾದರೆ ಎಡಗಾಲಿ ಬಿಚ್ಚು! ಒಬ್ಬ ಬೇರಿಂಗ್ ಬದಲಿಸಿದ. ಇನ್ನೊಬ್ಬ ಆ ಹೊಸದನ್ನೇ ಕಿತ್ತು ಮತ್ತೊಂದು ಹಾಕಿದ. ಅಯ್ಯೋ ಮಾರಾಯರೇ, ಎಡಕ್ಕೆ ತಿರುಗುವಾಗ ನನ್ನ ಮೈಭಾರವೆಲ್ಲ ಬೀಳುವುದು ಬಲಗಾಲಿನ ಮೇಲೆ. ನೋವಿರುವುದು ಅಲ್ಲಿ! ಹೇಳುವುದು ಯಾರಿಗೆ?

ಕೊನೆಗೆ ಬೆಟಗೇರಿಯ ಮೌಲಾಸಾಬ ಮಿಸ್ತ್ರಿಯ ಶೆಡ್ಡಿಗೆ ಬಂದೆವು. ಒಂದು ಕಾಲಕ್ಕೆ ಅವನ ಶೆಡ್ಡಿನ ಮುಂದೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವಂತೆ. ಈಗ ನಾನೊಬ್ಬಳೇ. ಇತ್ತೀಚೆಗೆ ಒಂದು ಜೀಪನ್ನು ‘ಸದ್ದು ಹೋಗಿದೆ’ ಅಂತ ಕಳಿಸಿದ್ದ, ಸದ್ದು ಹೋಗಿರಲಿಲ್ಲ. ಮಿಸ್ತ್ರಿಯ ಕೆಲಸ ಕೆಟ್ಟಿತು ಅಂತ ಜನ ಆಡಿಕೊಂಡರು. ನಿಜ ಸಂಗತಿ ಗೊತ್ತಿದ್ದದ್ದು ಹೆಂಡತಿ ಜೈತುನ್‌ಬಿಗೆ ಮಾತ್ರ. ನಲವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲೇ ಬಾಳಿದ ಮಿಸ್ತ್ರಿಗೆ ಕಿವಿ ಪೂರಾ ಹೋಗಿತ್ತು. ಶೆಡ್ಡಿನ ಮೂಲೆಯಲ್ಲಿ ಅಕ್ಕಿ ಆರಿಸುವ ನೆಪದಲ್ಲಿ ಅವಳು ಕೂರುತ್ತಿದ್ದಳು. ಗಿರಾಕಿ ಹೇಳಿದ್ದನ್ನು ಕೈಸನ್ನೆಯಲ್ಲಿ ಗಂಡನಿಗೆ ಮುಟ್ಟಿಸುತ್ತಿದ್ದಳು.

“ಚಾಚಾ, ಎಡಕ್ಕ ಹೊಳ್ಳಿಸಿದ್ರ ಕರಕರ ಅಂತೈತ್ರಿ,” ಅಂದಳು ಗುರುಸಿದ್ಧವ್ವ.

ಜೈತುನ್‌ಬಿ ಮುಷ್ಟಿ ಕಟ್ಟಿ ಬೀಸಿದ ಹಾಗೆ ಮಾಡಿ, ಎಡಕ್ಕೆ ಬೆರಳು ತೋರಿಸಿದಳು.

“ಆತು ಬಿಡವ್ವಾ, ನೋಡೂಣು,” ಅಂದ ಮಿಸ್ತ್ರಿ. ಗುರುಸಿದ್ಧವ್ವ ಚಹಾಕ್ಕೆ ಹೋದದ್ದೇ ತಡ, ಹೆಂಡತಿಯ ಕಡೆ ತಿರುಗಿದ. “ಜೈತುನ್, ಇದೊಂದು ಸಿಗಲಿಲ್ಲಂದ್ರ ಪಾನಾ, ಸುತ್ತಿಗಿ ಎಲ್ಲಾ ಮಾರಿ ಮನ್ಯಾಗ ಕುಂದರ್ತೀನಿ. ಸಾಕಾತು ಈ ನಾಟಕ.”

ಅವಳು ಎದ್ದು ಬಂದು ಗಂಡನ ಕೈ ಹಿಡಿದು ನನ್ನ ಬಾನೆಟ್ಟಿನ ಮೇಲೆ ಇಟ್ಟಳು.

ಮಿಸ್ತ್ರಿ ಜಾಕ್ ಕೊಟ್ಟು ನನ್ನ ಮುಂಗಾಲು ಎತ್ತಿದ. ಒಂದು ಕೈಯಲ್ಲಿ ಎಡಗಾಲಿ ತಿರುವಿದ, ಇನ್ನೊಂದು ಅಂಗೈಯನ್ನು ಗಾಲಿಯ ಹಿಂದಿನ ಸ್ಪ್ರಿಂಗಿನ ಮೇಲೆ ಊರಿ ನಡುಕ ಹುಡುಕಿದ. ಏನೂ ಇಲ್ಲ. ಕಿವಿಯಿದ್ದ ಆ ಇಬ್ಬರು ಎಡಗಾಲಿಗೇ ನಿಂತುಬಿಟ್ಟಿದ್ದರು, ಇವನು ಬಲಕ್ಕೆ ಬಂದ. ತಿರುವಿದ. ಅಂಗೈ ಒಮ್ಮೆ ಬೆಚ್ಚಿತು. ಕಣ್ಣು ಮುಚ್ಚಿ ಮತ್ತೆ ತಿರುವಿದ.

“ಸಿಕ್ತಲೇ ಮಗನ!” ಅಂತ ನನಗೇ ಬೈದ. ಓಣಿಯ ನಾಯಿ ಎದ್ದು ಓಡಿತು, ಅಷ್ಟು ಜೋರು.

ಹಳೆ ಬೇರಿಂಗ್ ಹೊರಬಂದಾಗ ಅದರೊಳಗೆ ತುಕ್ಕು, ಗುಳಿ, ಭಟ್ಟಿಯವನ ಕಾಲದ ಕೆಸರು. ಹೊಸದನ್ನು ಗ್ರೀಸು ತುಂಬಿ ಕೂರಿಸಿದ. ಗುರುಸಿದ್ಧವ್ವ ಓಡಿಸಿದಳು, ಮಿಸ್ತ್ರಿ ಪಕ್ಕದಲ್ಲಿ ಕೂತ. ಮೈದಾನದಲ್ಲಿ ಎಡಕ್ಕೆ ತಿರುಗಿಸಿದಳು. ನಾನು ಕಮಕ್ ಕಿಮಕ್ ಅನ್ನಲಿಲ್ಲ.

“ಹೋತ್ರಿ ಚಾಚಾ! ಸದ್ದ ಹೋತು!”

ಮಿಸ್ತ್ರಿ ಕಿಟಕಿಯ ಆಚೆ ನೋಡುತ್ತಿದ್ದ. ಅವಳು ಮತ್ತೆ ಕೂಗಿದಳು. ಅವನು ಅಲುಗಲಿಲ್ಲ. ನಾನು ನಿಂತ ಮೇಲೆ ತಿರುಗಿ ಅವಳ ಮುಖ ನೋಡಿದ. ಸಿಕ್ಕಿಬಿದ್ದೆ ಅಂತ ಅವನಿಗೆ ತಿಳಿಯಿತು. ಮುಖ ಸಣ್ಣಗಾಯಿತು.

“ಕಿವಿ ಹೋಗಿ ಎರಡು ವರ್ಷ ಆತವ್ವಾ. ಯಾರ ಮುಂದೂ ಅನಬ್ಯಾಡ. ಕಿವುಡ ಮಿಸ್ತ್ರಿ ಕಡೆ ಯಾರು ಬರ್ತಾರ?”

ಗುರುಸಿದ್ಧವ್ವ ತನ್ನ ಕಿವಿ ಮುಟ್ಟಿ ಎರಡು ಬೆರಳೆತ್ತಿದಳು, ಎಡಗಾಲಿಯ ಕಡೆ ತೋರಿಸಿ, ಕಿವಿಯಿದ್ದ ಇಬ್ಬರಿಗೂ ಸಿಗಲಿಲ್ಲ ಅನ್ನುವಂತೆ ತಲೆಯಾಡಿಸಿದಳು. ಆಮೇಲೆ ಅವನ ಅಂಗೈ ಮೇಲೆ ಮೆಲ್ಲಗೆ ತಟ್ಟಿದಳು. ಮಿಸ್ತ್ರಿ ಅತ್ತೇಬಿಟ್ಟ.

ಆದರೆ ಅವಳು ಹೇಳಿದ್ದನ್ನು ಕೇಳುವ ಪೈಕಿಯೇ? ಆ ವಾರವೇ ನನ್ನ ಹಿಂಬಾಗಿಲ ಮೇಲೆ ಪೇಂಟರನ ಕೈಯಲ್ಲಿ ಬರೆಸಿದಳು: ‘ಮೌಲಾಸಾಬ ಮಿಸ್ತ್ರಿ, ಬೆಟಗೇರಿ. ಕಿವಿ ಕೇಳಂಗಿಲ್ಲ. ಏನೂ ಹೇಳಬ್ಯಾಡ್ರಿ, ಗಾಡಿ ಬಿಟ್ಟು ಹೋಗ್ರಿ.’ ಮಿಸ್ತ್ರಿ ಅದನ್ನು ಓದಿ ಕೆಂಡವಾದ. ಮರ್ಯಾದೆ ತೆಗೆದಳು ಅಂತ ಎರಡು ದಿನ ಶೆಡ್ ತೆರೆಯಲಿಲ್ಲ. ಮೂರನೆಯ ದಿನ ಬೀಗ ತೆಗೆಯಲು ಬಂದರೆ, ಒಂದು ಟೆಂಪೋ ಮತ್ತು ಎರಡು ಜೀಪು ಕಾದು ನಿಂತಿದ್ದವು.

ಇದೆಲ್ಲ ಹಳೆಯ ಮಾತು. ಎಷ್ಟೋ ಮದುವೆಗಳ ಊಟ ಹೊತ್ತು ನಾನೂ ಮುದಿಯಾದೆ. ಎಂಜಿನ್ ಗುಜರಿಗೆ ಹೋಯಿತು. ಸೀಟು ಮಿಸ್ತ್ರಿಯ ಶೆಡ್ಡಿನೊಳಗಿದೆ, ಅದರ ಮೇಲೆ ಜೈತುನ್‌ಬಿ ಅಕ್ಕಿ ಆರಿಸುತ್ತಾಳೆ, ಈಗ ನೆಪಕ್ಕಲ್ಲ. ನನ್ನ ಹಿಂಬಾಗಿಲು ಶೆಡ್ಡಿನ ಮೇಲೆ ಬೋರ್ಡಾಗಿ ನೇತಾಡುತ್ತಿದೆ. ಬೀದಿಯ ಧೂಳೆಲ್ಲ ನನ್ನ ಮೇಲೆಯೇ. ಮಿಸ್ತ್ರಿ ದಿನಾ ಬೆಳಿಗ್ಗೆ ಸ್ಟೂಲು ಹತ್ತಿ, ‘ಕಿವಿ ಕೇಳಂಗಿಲ್ಲ’ ಅನ್ನುವ ಸಾಲನ್ನು ಮೊದಲು ಒರೆಸುತ್ತಾನೆ.