ಹೆಕ್ಟರ್ ದೊರೆಯ ಸಮಾಧಿ

ನಮ್ಮ ಚರ್ಚಿನ ಹಿಂದೆ ಲಂಟಾನ ಪೊದೆ ಕಡಿಸುವಾಗ ಒಂದು ಕಲ್ಲು ಸಿಕ್ಕಿತು. ಅರ್ಧ ಮಣ್ಣಿನೊಳಗೆ, ಅರ್ಧ ಹೊರಗೆ. ಹೊರಗಿನ ಅರ್ಧದ ಮೇಲೆ ಇಂಗ್ಲಿಷಿನಲ್ಲಿ ‘ಹೆಕ್ಟರ್’ ಎಂದು ಕೊರೆದಿತ್ತು, ಅದರ ಕೆಳಗೆ 1874. ಬೇರೇನೂ ಇಲ್ಲ. ಅಷ್ಟಕ್ಕೇ ನಮ್ಮ ಸಭೆಯ ಕಾರ್ಯದರ್ಶಿ ಅಶೋಕ ಚಪ್ಪಲಿ ಬಿಟ್ಟು ಕೈಮುಗಿದ.

“ಮೇಡಂ, ಇವ್ರೇ ನಮ್ ಸಭೆ ಸ್ಥಾಪಕ್ರು. ದೊರೆಗಳು ಕಣ್ರೀ!” ಎಂದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಅರಕಲಗೂಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಚಿಕ್ಕಕೊಪ್ಪಲಿನ ಆಂಗ್ಲಿಕನ್ ಸಭೆ ನಮ್ಮದು. ಇರುವುದು ನಲವತ್ತು ಮನೆ. ಅಂದು ಸಂಜೆಯೊಳಗೆ ನಲವತ್ತು ಮನೆಗೂ ಒಬ್ಬ ಇಂಗ್ಲಿಷ್ ದೊರೆ ಸಿಕ್ಕಿಬಿಟ್ಟಿದ್ದ. ಶುಂಠಿ ವ್ಯಾಪಾರ ಮಾಡಿ ನಾಲ್ಕು ಕಾಸು ಕಂಡಿರುವ ಅಶೋಕನಂತೂ ಹುಟ್ಟಿದಾಗಿನಿಂದ ಆ ದೊರೆಗಾಗಿಯೇ ಕಾಯುತ್ತಿದ್ದವನಂತೆ ಓಡಾಡಿದ.

ನಿಜ ಏನೆಂದು ಆ ನಲವತ್ತು ಮನೆಯ ಹಿರಿಯರಿಗೆಲ್ಲ ಗೊತ್ತಿತ್ತು. ಈ ಸಭೆ ಕಟ್ಟಿದವಳು ಬೆಟ್ಟಮ್ಮ ಎಂಬ ಕೂಲಿ ಹೆಂಗಸು. 1924ರಲ್ಲಿ ಹೆರಿಗೆ ಕಷ್ಟವಾಗಿ ಗಂಡ ದ್ಯಾವಯ್ಯ ಅವಳನ್ನು ಗಾಡಿಯಲ್ಲಿ ಹಾಸನದ ಮಿಷನ್ ಆಸ್ಪತ್ರೆಗೆ ಕರೆದೊಯ್ದ. ಮಗು ಉಳಿಯಲಿಲ್ಲ, ತಾಯಿ ಉಳಿದಳು. ಆಸ್ಪತ್ರೆಯಲ್ಲಿ ಕಲಿತ ಎರಡು ಕೀರ್ತನೆ ಹಿಡಿದುಕೊಂಡು ಊರಿಗೆ ಬಂದು, ಭಾನುವಾರ ಭಾನುವಾರ ತನ್ನ ಮನೆ ಜಗಲಿಯ ಮೇಲೆ ಕೂತು ಹಾಡಿದಳು. ನಾಲ್ಕು ಹೆಂಗಸರು ಸೇರಿದರು, ಹತ್ತಾದರು. ರಾಗಿ ಬೀಸುವ ಮುಂಚೆ ಒಂದು ಹಿಡಿ ರಾಗಿಯನ್ನು ದೇವರ ಮಡಕೆಗೆ ಹಾಕಬೇಕೆಂದು ಅವಳೇ ಕಟ್ಟಳೆ ಮಾಡಿದಳು. ಆ ಹಿಡಿ ರಾಗಿ ಮಾರಿ ಗೋಡೆ ಎದ್ದಿತು, ಹೆಂಚು ಬಂತು. ಉಪದೇಶಿಗಳು, ಪಾದ್ರಿ ಅಯ್ಯನವರು ಎಲ್ಲ ಬಂದದ್ದು ಗೋಡೆ ಎದ್ದ ಮೇಲೆ. ಇವತ್ತಿಗೂ ನಮ್ಮ ಹೆಂಗಸರು ಹಿಡಿ ಎತ್ತಿಡುತ್ತಾರೆ. ಯಾಕೆ ಎತ್ತಿಡುತ್ತೀರಿ ಎಂದು ಕೇಳಿದರೆ ಮಾತ್ರ ಈಗಿನವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಸಭೆಗೆ ನೂರು ತುಂಬಿದ ಹಬ್ಬಕ್ಕೆಂದೇ ಪೊದೆ ಕಡಿಸಿದ್ದು. ಕಲ್ಲು ಸಿಕ್ಕ ಮೇಲೆ ಕಮಿಟಿ ಕೂತು ಲೆಕ್ಕ ಹಾಕಿತು. 1874ರಿಂದ ಎಣಿಸಿದರೆ ನೂರೈವತ್ತು! ಒಂದೇ ಮೀಟಿಂಗಿನಲ್ಲಿ ನಮ್ಮ ಸಭೆಗೆ ಐವತ್ತು ವರ್ಷ ವಯಸ್ಸು ಹೆಚ್ಚಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕು ಅನ್ನುವವರನ್ನು ನಾನು ಕಂಡಿದ್ದೇನೆ. ಜುಟ್ಟೇ ಇಲ್ಲದೆ ಹೂವಿಗೆ ಕೈ ಚಾಚಿದವರನ್ನು ಕಂಡದ್ದು ಅವತ್ತೇ.

ಇಷ್ಟೆಲ್ಲ ಹಂಗಿಸುವ ನಾನು ಆಗೇನು ಮಾಡುತ್ತಿದ್ದೆ ಎಂದು ನೀವು ಕೇಳಬೇಕು. ನಾನು ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುತ್ತಿದ್ದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಟೀಚರ್ ಅಲ್ಲವೇ, “ನಿಮ್ಮನ್ ಬುಟ್ರೆ ಇನ್ಯಾರ್ ಬರೀತಾರೆ ಮೇಡಂ” ಎಂದು ಅಶೋಕ ಒಂದು ಸಲ ಅಂದ, ನಾನು ಉಬ್ಬಿಹೋದೆ. ಹೆಕ್ಟರ್ ದೊರೆಯವರು ಕಾಡುಮೇಡು ಅಲೆದರು, ಬಿಸಿಲು ಮಳೆ ಎನ್ನದೆ ದಣಿದರು, ಈ ಮಣ್ಣಿನಲ್ಲೇ ಪ್ರಾಣ ಬಿಟ್ಟರು ಎಂದು ಮೂರು ಪುಟ ತುಂಬಿಸಿದೆ. ಎಲ್ಲಿ ಓದಿದೆ? ಎಲ್ಲೂ ಇಲ್ಲ. ಬರೆಯುತ್ತ ಬರೆಯುತ್ತ ನನಗೇ ಕಣ್ಣಲ್ಲಿ ನೀರು ಬಂತು, ಅಂಥ ಮೂರ್ಖಳು ನಾನು.

ಬೆಟ್ಟಮ್ಮನ ಬಗ್ಗೆ ಮೊದಲು ಒಂದು ಪುಟ ಬರೆದಿದ್ದೆ. ಅಶೋಕ ಓದಿ ಮೂಗು ಮುರಿದ.

“ಬಿಷಪ್ರು ಬತ್ತಾರೆ, ಎಮ್ಮೆಲ್ಲೆ ಬತ್ತಾರೆ. ನಮ್ಮೋರು ಕೂಲಿ ಮಾಡ್ಕಂಡು, ರಾಗಿ ಎತ್ಕಂಡು ಚರ್ಚ್ ಕಟ್ಟುದ್ರು ಅಂತ ನಾವೇ ಸಾರ್ಕಂಡ್ ಬರ್ಬೇಕಾ ಮೇಡಂ?”

ಪುಟ ಒಂದು ಸಾಲಾಯಿತು. ಆಮೇಲೆ ಆ ಸಾಲೂ ಹೋಯಿತು. ತೆಗೆದದ್ದು ನನ್ನ ಕೈಯೇ.

ಬೆಟ್ಟಮ್ಮನ ಮೊಮ್ಮಗಳು ಸಂತೋಷಮ್ಮ ಊರಿನಲ್ಲೇ ಇದ್ದಾಳೆ. ಎಂಬತ್ತೆರಡು ವರ್ಷ. ಅಜ್ಜಿಯನ್ನು ಮಣ್ಣು ಮಾಡಿದ್ದು ಚರ್ಚಿನ ಎಡಬದಿಗೆ. ಹೆಸರು ಕೆತ್ತಿಸಲು ಗತಿಯಿಲ್ಲದೆ ಸುತ್ತ ಒಂದು ಸಾಲು ಕಾಡುಕಲ್ಲು ಇಟ್ಟಿದ್ದರು. ಈಸ್ಟರ್, ಅಂದರೆ ಪುನರುತ್ಥಾನದ ಹಬ್ಬದ ಬೆಳಗ್ಗೆ ಸಂತೋಷಮ್ಮ ಅಲ್ಲಿ ಹೂವಿಟ್ಟು ಬಂದೇ ಚರ್ಚಿನೊಳಗೆ ಕಾಲಿಡುವುದು. ಅವಳು ಒಂದು ದಿನ ನನ್ನ ಮನೆಗೆ ಬಂದಳು.

“ಟೀಚರಮ್ಮ, ನೀವ್ ಬರೆಯೋ ಬುಕ್ನಾಗೆ ನಮ್ಮಜ್ಜಿ ಎಸ್ರು ಒಂದ್ಕಡೆ ಆಕ್ಬುಡಿ. ದೊಡ್ಡದಾಗ್ ಬ್ಯಾಡ. ನಾನ್ ಓದೋಕ್ ಬಾರದೋಳು, ಓದೋರ್ ಕಣ್ಣಿಗ್ ಬಿದ್ರೆ ಸಾಕು. ಆ ಸಮಾದಿ ತಾವ ಯಾರೂ ಗುದ್ಲಿ ಆಕ್ದಂಗೆ ನೋಡ್ಕಳಿ. ನಾನು ಮಗಳ ಮನೆಗೆ ಒಳೆನರಸೀಪುರಕ್ಕೆ ಓಗ್ತಾ ಇವ್ನಿ, ಅಬ್ಬಕ್ಕೆ ಬತ್ತೀನಿ.”

“ನೋಡೋಣ ಸಂತೋಷಕ್ಕ” ಎಂದೆ. ಸುಳ್ಳು ಹೇಳಲು ಧೈರ್ಯವಿಲ್ಲದವರು ಹೇಳುವ ಮಾತು ಅದು.

ಅವಳು ಬಸ್ಸು ಹತ್ತಿದ ನಾಲ್ಕನೇ ದಿನಕ್ಕೆ ಜೆಸಿಬಿ ಬಂತು. ದೊರೆಯ ಕಲ್ಲಿಗೊಂದು ಎತ್ತರದ ಕಟ್ಟೆ ಬೇಕಿತ್ತು, ಕಟ್ಟೆ ತುಂಬಿಸಲು ಮಣ್ಣು ಬೇಕಿತ್ತು. ಎಡಬದಿ ಮಟ್ಟ ಮಾಡಿದರೆ ಕುರ್ಚಿ ಹಾಕಲು ಜಾಗವೂ ಆಗುತ್ತದೆ ಎಂದು ಅಶೋಕ ತೋರಿಸಿದ. ಜೆಸಿಬಿ ಓಡಿಸುವ ಕಾಂತರಾಜು ಅರಕಲಗೂಡಿನವನು, ನಮ್ಮ ಸಭೆಯವನಲ್ಲ. ಅವನು ಕಾಡುಕಲ್ಲಿನ ಸಾಲು ನೋಡಿ ಗಾಡಿ ನಿಲ್ಲಿಸಿದ.

“ಸಾ, ಇಲ್ಲಿ ಯಾರ್ನೋ ಮಣ್ಮಾಡವ್ರೆ ಕಣ್ ಸಾ.”

“ಎಸ್ರು ಐತೇನ್ಲಾ ಅದ್ರ ಮ್ಯಾಲೆ? ಇಲ್ವಲ್ಲ. ತಳ್ಳು.”

ಕಾಂತರಾಜು ನನ್ನ ಕಡೆ ನೋಡಿದ. ನಾನು ಸಂಚಿಕೆಯ ಪ್ರೂಫ್ ಹಿಡಿದು ನೆರಳಿನಲ್ಲಿ ನಿಂತಿದ್ದೆ, ಕಣ್ಣು ಹಾಳೆಯ ಮೇಲೆ ಇಳಿಸಿದೆ. ಅವನು ಕೆಳಗಿಳಿದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಹತ್ತಿ ಕಲ್ಲು ಮಣ್ಣೆಲ್ಲ ಕಟ್ಟೆಗೆ ತಳ್ಳಿದ. ಹೊರಗಿನವನಿಗೆ ಇದ್ದಷ್ಟು ಮರ್ಯಾದೆ ನನಗಿರಲಿಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ ಹೆಕ್ಟರ್ ದೊರೆಯ ಕಲ್ಲನ್ನು ಬೆಲ್ಟು ಕಟ್ಟಿ ಮೇಲೆತ್ತಿದರು. ಹೂತಿದ್ದ ಅರ್ಧದಲ್ಲೂ ಅಕ್ಷರ ಕಂಡವು. ದೊರೆಯ ಊರೋ ಮನೆತನವೋ ಸಿಗಬಹುದೆಂದು ನಾನೇ ಒಂದು ಬಕೆಟ್ ನೀರು ತರಿಸಿ, ಸೆರಗಿನಿಂದ ಉಜ್ಜಿ ಓದಿದೆ. ‘ಒಳ್ಳೆಯ ಕುದುರೆ. ಹನ್ನೊಂದು ವರ್ಷ ನನ್ನನ್ನು ಹೊತ್ತು ನಡೆದ. ಈ ದಾರಿಯಲ್ಲೇ ಸತ್ತ. ಅವನ ಯಜಮಾನ ಇರಿಸಿದ ಕಲ್ಲು.’

ನನ್ನ ಮೂರು ಪುಟಗಳಲ್ಲಿ ಕಾಡುಮೇಡು ಅಲೆದದ್ದು, ಈ ಮಣ್ಣಿನಲ್ಲಿ ಸತ್ತದ್ದು, ಎರಡೇ ನಿಜವಾಗಿದ್ದವು.

ಅಶೋಕನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನ ಮುಖ ಒಂದು ಗಳಿಗೆ ಕಪ್ಪಿಟ್ಟಿತು, ಅಷ್ಟೇ.

“ಬುಕ್ ಪ್ರಿಂಟಾಗೈತೆ, ಬಿಷಪ್ರಿಗೆ ಕಾರ್ಡ್ ಓಗೈತೆ. ಯಾರ್ ಬಗ್ ನೋಡ್ತಾರೆ ಮೇಡಂ? ಕೆಳಗ್ಡೆ ದಪ್ಪಗೊಂದ್ ಚೆಂಡುಹೂವಿನ ಹಾರ ಆಕ್ಸ್ಬುಡ್ತೀನಿ. ನೀವ್ ಸುಮ್ನಿರಿ.”

ಸುಮ್ಮನಿರುವುದು ನನಗೆ ಆಗಲೇ ಅಭ್ಯಾಸವಾಗಿತ್ತು.

ಹಬ್ಬದ ಬೆಳಗ್ಗೆ ಶಾಮಿಯಾನ ತುಂಬಿತ್ತು. ಗ್ರಾನೈಟ್ ಕಟ್ಟೆಯ ಮೇಲೆ ಹೆಕ್ಟರ್ ದೊರೆ ಬಂಗಾರ ಬಣ್ಣ ಬಳಿಸಿಕೊಂಡು, ಸೊಂಟಕ್ಕೆ ಚೆಂಡುಹೂವು ಸುತ್ತಿಕೊಂಡು ನಿಂತಿದ್ದ. ಬಿಷಪ್ಪರು ಕಣ್ಣು ಮುಚ್ಚಿ, ಕರ್ತನೇ, ನಿನ್ನ ದಾಸ ಹೆಕ್ಟರನಿಗಾಗಿ ನಿನಗೆ ಸ್ತೋತ್ರ ಎಂದರು. ನಲವತ್ತು ಮನೆಯವರೂ ಆಮೆನ್ ಎಂದರು. ಆಗಲೇ ಸಂತೋಷಮ್ಮ ಕಂಡಳು. ಬಿಳೀ ಸೀರೆ ಉಟ್ಟು, ಎಲೆಯಲ್ಲಿ ಕನಕಾಂಬರ ಕಟ್ಟಿಕೊಂಡು, ಕುರ್ಚಿಗಳ ಸಂದಿಯಲ್ಲಿ ನೆಲ ನೋಡುತ್ತ, ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ನಡೆಯುತ್ತಿದ್ದಳು.

ಸ್ಥಾಪಕರ ಜೀವನ ಓದಲು ನನ್ನನ್ನು ಕರೆದರು. ನಾನು ಕಟ್ಟೆ ಹತ್ತಿ ಹಾರ ಎತ್ತಿ ಪಕ್ಕಕ್ಕೆ ಹಾಕಿದೆ. ಕಲ್ಲಿನ ಮೇಲಿದ್ದದ್ದನ್ನು ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಓದಿದೆ. ಆಮೇಲೆ ಬೆಟ್ಟಮ್ಮನ ಹೆಸರು ಹೇಳಿ, ಜಗಲಿ, ಕೀರ್ತನೆ, ಹಿಡಿ ರಾಗಿ ಎಲ್ಲ ಹೇಳಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬಿಷಪ್ಪರು ಬಗ್ಗಿ ಕಲ್ಲು ಓದಿದರು, ಎದ್ದು ಅಶೋಕನ ಮುಖ ನೋಡಿದರು. ಅಶೋಕ ಶಾಮಿಯಾನದ ಕಂಬ ನೋಡಿದ. ಎಲ್ಲರಿಗಿಂತ ದೊಡ್ಡವಳಾಗಿಬಿಟ್ಟೆ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಸುಳ್ಳೇಕೆ ಹೇಳಲಿ.

ಸಂತೋಷಮ್ಮ ಕಟ್ಟೆಯ ಬುಡಕ್ಕೆ ಬಂದಳು.

“ಕುದ್ರೆನೂ ದ್ಯಾವ್ರು ಮಾಡಿದ್ದೇ ಕಣ, ಇರ್ಲಿ. ನಮ್ಮಜ್ಜಿ ಎಲ್ಲವ್ಳೆ ಟೀಚರಮ್ಮ?”

ನಾನು ಕಾಲ ಕೆಳಗಿನ ಕಟ್ಟೆ ತೋರಿಸಿದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಟ್ಟೆಗೆ ಒಂದು ಕೈ ಊರಿ ನಿಂತಳು.

“ತಳ್ಳುವಾಗ ನೀವ್ ಇದ್ರಾ?”

“ಇದ್ದೆ, ಸಂತೋಷಕ್ಕ.”

“ಕುದ್ರೆಗೆ ಅದ್ರ ಯಜಮಾನ ಇದ್ದ, ಕಲ್ ಆಕ್ಸ್ದ. ನಮ್ಮಜ್ಜಿಗೆ ನೀವ್ ಇದ್ರಿ” ಎಂದಳು.

ಮೈಕು ಇನ್ನೂ ಆನ್ ಇತ್ತು, ಎಲ್ಲರಿಗೂ ಕೇಳಿಸಿತು. ಅವಳು ಹೂವಿನ ಎಲೆಯನ್ನು ಎಲ್ಲೂ ಇಡದೆ ಕೈಯಲ್ಲೇ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ನಾನು ಕಟ್ಟೆಯಿಂದ ಇಳಿಯಬೇಕಿತ್ತು. ಇಳಿದು ಕಾಲಿಡಲು ನನಗೆ ಎಲ್ಲೂ ಜಾಗ ಕಾಣಲಿಲ್ಲ.